ಹಾಲು ಇಂಗಿಸುವ ಮಲ್ಲಿಗೆ

ಮೊದಲು ಬಂದದ್ದು ಉಪ್ಪಿನಕಾಯಿಯ ವಾಸನೆ, ಅದರ ಹಿಂದಿನಿಂದ ಮಲ್ಲಿಗೆಯದು, ಕೋಕಿಲಾ ಹೂವು ತುಂಬಿ ಕಳಿಸುವ ಈ ಸ್ಟೀಲು ಡಬ್ಬಿಯನ್ನು ಎಷ್ಟು ಉಜ್ಜಿ ತೊಳೆದರೂ ಮಾವಿನಮಿಡಿ ಅದನ್ನು ಬಿಟ್ಟು ಹೋಗುವುದಿಲ್ಲ, ಉಡುಪಿ ಕಡೆಯವರ ಉಪ್ಪಿನಕಾಯಿ, ಹಠ ಜಾಸ್ತಿ — ಗಿರಿಜಾ ಮುಚ್ಚಳವನ್ನು ಮಗಳ ಮಂಚದ ಪಕ್ಕದ ಸ್ಟೂಲಿನ ಮೇಲಿಟ್ಟು ಒಳಗಿನ ಒದ್ದೆ ಬಟ್ಟೆ ಬಿಡಿಸುತ್ತಾಳೆ, ಇವತ್ತು ಹೂವು ಕಡಿಮೆ, ಒಂದು ಬೊಗಸೆಯೂ ಇಲ್ಲ, ಬಳ್ಳಿಯಾದರೂ ಏನು ಮಾಡೀತು, ಜುಲೈ ತಿಂಗಳು, ನೈರೋಬಿಯಲ್ಲಿ ಚಳಿಗಾಲವೇ ಈಗ, ಮೈಸೂರಿನಲ್ಲಿ ಆಷಾಢದ ಗಾಳಿ ಬೀಸುತ್ತಿದ್ದರೆ ಇಲ್ಲಿ ಗಾಳಿಯೂ ಇಲ್ಲ ಬಿಸಿಲೂ ಇಲ್ಲ, ಬೆಳಗಿನಿಂದ ಸಂಜೆಯವರೆಗೆ ಆಕಾಶಕ್ಕೆ ಬೂದಿಯ ಬಣ್ಣ ಒಂದೇ. ಕೋಕಿಲಾ ಅಂದರೆ ಮಗಳ ಗೆಳತಿ, ಊರಾಚೆ ಕರೆನ್‌ನಲ್ಲಿ ದೊಡ್ಡ ತೋಟದ ಮನೆ, ಗಂಡ ಕೃಷ್ಣಪ್ರಸಾದನಿಗೆ ಬ್ಯಾಂಕಿನ ಕೆಲಸ, ಅವರ ಡ್ರೈವರು ವೆಸ್ಟ್‌ಲ್ಯಾಂಡ್ಸ್‌ನ ಈ ಫ್ಲ್ಯಾಟಿಗೆ ದಿನಾ ಬಂದು ಗೇಟಿನವನ ಕೈಯಲ್ಲಿ ಡಬ್ಬಿ ಕೊಟ್ಟು ಹೋಗುತ್ತಾನೆ. ಡಾಕ್ಟರು ಹಾಲು ನಿಲ್ಲುವುದಕ್ಕೆ ಮಾತ್ರೆ ಬರೆದಿದ್ದರು, ಮಾತ್ರೆ ನುಂಗಿದರೆ ಮಗಳು ಅನುಗೆ ತಲೆ ಸುತ್ತಿ ವಾಂತಿ, ಬೇಡ ಬಿಡಿ ಅಂದರು, ಆಗ ಗಿರಿಜಾಗೆ ತನ್ನ ಅಮ್ಮ ಮಾಡುತ್ತಿದ್ದದ್ದು ನೆನಪಾಯಿತು, ಮಲ್ಲಿಗೆ, ಎದೆಗೆ ಮಲ್ಲಿಗೆ ಕಟ್ಟಿದರೆ ಹಾಲು ತಾನಾಗಿ ಇಂಗುತ್ತದೆ, ಈ ಊರಲ್ಲಿ ಮಲ್ಲಿಗೆಗೆ ಎಲ್ಲಿ ಹೋಗಲಿ ಅಂತ ತಲೆ ಮೇಲೆ ಕೈ ಹೊತ್ತು ಕೂತಿದ್ದಾಗ ಕೋಕಿಲಾ, ಅಯ್ಯೋ ಆಂಟಿ, ನಮ್ಮನೇಲೇ ಬಳ್ಳಿ ಉಂಟಲ್ಲ, ಮದುವೆಯಾಗಿ ಬರುವಾಗ ಒಂದು ಕಡ್ಡಿ ಒದ್ದೆ ಕರ್ಚೀಫಲ್ಲಿ ಸುತ್ತಿ ಹ್ಯಾಂಡ್‌ಬ್ಯಾಗಲ್ಲಿ ಇಟ್ಕೊಂಡು ಬಂದದ್ದು, ಏರ್‌ಪೋರ್ಟಲ್ಲಿ ಒಬ್ಬರೂ ಕೇಳಲಿಲ್ಲ ಅಂದಳು, ಅಂದು ಬಾಯಿಗೆ ಸೆರಗು ಒತ್ತಿಕೊಂಡಳು. ಆ ಬಳ್ಳಿಯ ಹೂವು ಇಷ್ಟು ವರ್ಷ ಕೋಕಿಲಾಳ ಜಡೆಗೆ ಹೋಯಿತು, ಅವಳ ದೇವರಿಗೆ ಹೋಯಿತು, ಈಗ ಇಲ್ಲಿಗೆ ಬರುತ್ತಿದೆ.

ಮಾತು ಶುರು ಮಾಡಬೇಕು. ಅನುರಾಧಾ ಮೂರು ದಿಂಬಿಗೆ ಒರಗಿ ಕಿಟಕಿಯ ಗ್ರಿಲ್ಲು ನೋಡುತ್ತಿದ್ದಾಳೆ, ಕೆಳಗೆ ರಸ್ತೆಯಲ್ಲಿ ಮಟಾಟು ವ್ಯಾನು ನಿಂತು ಅದರ ಕಂಡಕ್ಟರು ಡಬಡಬ ಅಂತ ತಗಡು ಬಡಿಯುತ್ತಾನೆ, ಅವಳ ಕಣ್ಣು ಅಲ್ಲೂ ಇಲ್ಲ, ಈ ಹುಡುಗಿ ಸುಮ್ಮನೆ ಹೀಗೆ ಕೂತರೆ ಎಲ್ಲಿ ಬಾಯಿ ಬಿಟ್ಟು ಕೇಳಿಬಿಡುತ್ತಾಳೋ ಅಂತ ಗಿರಿಜಾಗೆ ಭಯ, ಅದಕ್ಕೇ ಮಾತು, ಮಾತಿಗೇನು ಬರವೇ ಗಿರಿಜಾಗೆ, ಸರಸ್ವತಿಪುರಂನ ಆ ಬೀದಿಯಲ್ಲಿ ಅವಳ ಬಾಯಿಗೆ ಸಿಗದೆ ಉಳಿದ ಮನೆಯಿಲ್ಲ, ನೀನು ಊರು ಬಿಟ್ಟರೆ ಇಡೀ ಬೀದಿಗೇ ಪೇಪರ್ ಬಂದ್ ಅಂತ ಗಂಡ ಬಂದವರ ಮುಂದೆಲ್ಲ ಹೇಳಿ ನಗಿಸುತ್ತಾರೆ. ನಿಮ್ಮಪ್ಪ ಬೆಳಿಗ್ಗೆ ಫೋನ್ ಮಾಡಿದ್ರು ಕಣೇ ಅನು, ನೀನು ಮಲಗಿದ್ದೆ, ಕುಕ್ಕರ್‌ಗೆ ನೀರೇ ಹಾಕದೆ ಬೇಳೆ ಇಟ್ಟು ಪೇಪರ್ ಓದ್ತಾ ಕೂತಿದ್ರಂತೆ, ಸೇಫ್ಟಿ ವಾಲ್ವ್ ಹಾರಿ ಬೇಳೆಯೆಲ್ಲಾ ಸೀಲಿಂಗ್‌ಗೆ, ಸುಣ್ಣ ಹೊಡೆಸ್ಬೇಕು ಅಂತ ಅದನ್ನೂ ನಂಗೇ ಬೈತಾರೆ, ಆಮೇಲೆ ಹಾಲಿನವನ ಜೊತೆ — ಗಿರಿಜಾ ಅಲ್ಲೇ ನಾಲಿಗೆ ಕಚ್ಚಿಕೊಂಡಳು, ಪೇಪರಿನವನ ಜೊತೆ ಜಗಳ, ಪೇಪರ್ ತಂದು ಗೇಟಿಂದಾನೇ ಎಸೀತಾನಂತೆ, ಒದ್ದೆ ಆಗತ್ತಂತೆ. ಅನು ಹೂಂ ಅಂದಳು. ನಿಜವಾಗಿ ಜಗಳ ಆಗಿದ್ದದ್ದು ಹಾಲಿನವನ ಜೊತೆಯೇ, ನೀರು ಬೆರೆಸುತ್ತಾನೆ ಅಂತ, ಹೇಳಿದ್ದರೆ ಏನಾಗುತ್ತಿತ್ತು, ಏನೂ ಆಗುತ್ತಿರಲಿಲ್ಲವೇನೋ, ಆದರೆ ಆ ಮಾತೇ ಈ ಕೋಣೆಯಲ್ಲಿ ಬೇಡ, ಹಾಲು ಅನ್ನಬಾರದು, ತೊಟ್ಟಿಲು ಅನ್ನಬಾರದು, ಪುಟ್ಟಿ ಅನ್ನಬಾರದು, ಹೀಗೆ ಬೇಡದ ಮಾತುಗಳನ್ನು ಒಂದೊಂದಾಗಿ ಆರಿಸಿ ಹೊರಗೆ ಹಾಕುತ್ತಾ ಹೋದರೆ ಆಡುವುದಕ್ಕೆ ಉಳಿಯುವುದು ಏನು, ಕುಕ್ಕರು, ಪೇಪರು, ಸುಣ್ಣ. ಈಗ ಅವಳು ಮಾತಾಡುವ ಮುಂಚೆ ಒಂದು ಕ್ಷಣ ನಿಂತು ನೋಡುತ್ತಾಳೆ, ಹುಟ್ಟಿದಾಗಿನಿಂದ ಇಲ್ಲದ ಅಭ್ಯಾಸ.

ಅವಳು ಬಂದದ್ದು ಬಾಣಂತನಕ್ಕೆ. ಮೊದಲನೇ ಹೆರಿಗೆ, ತವರಿಗೆ ಕರೆಸಿಕೊಳ್ಳಬೇಕಿತ್ತು, ಬಿ.ಪಿ. ಇದೆ, ಅಷ್ಟು ದೂರ ವಿಮಾನ ಬೇಡ ಅಂದರು ಡಾಕ್ಟರು, ಸರಿ ತವರೇ ಅಲ್ಲಿಗೆ ಬರುತ್ತೆ ಬಿಡಿ ಅಂತ ಗಿರಿಜಾ ಲೇಹ್ಯ ಕಟ್ಟಿಕೊಂಡಳು, ಒಣಶುಂಠಿ, ಮೆಣಸಿನ ಪುಡಿ, ಬಜೆ, ಸಾಂಬ್ರಾಣಿ, ತನ್ನ ಹಳೇ ಕಾಟನ್ ಸೀರೆಗಳನ್ನು ಹರಿದು ಒಗೆದು ಮೆತ್ತಗೆ ಮಾಡಿ ಮಡಿಚಿದ ಬಟ್ಟೆಗಳು, ಮಗುವಿಗೆ ಹೊಸದನ್ನು ಮೊದಲೇ ಕೊಂಡಿಡಬಾರದು, ಹಳೇದೇ ಮೈಗೆ ಹಿತ. ಬಂದು ಬ್ಯಾಗು ಬಿಚ್ಚಿ ಇನ್ನೂ ಎಲ್ಲ ಜೋಡಿಸಿರಲಿಲ್ಲ, ಎಂಟು ತುಂಬಿರಲಿಲ್ಲ, ಒಂದು ಮಧ್ಯಾಹ್ನ ಅನು ಬಚ್ಚಲಿನಿಂದ ಅಮ್ಮಾ ಅಂತ ಕೂಗಿದಳು, ನೆಲವೆಲ್ಲ ರಕ್ತ. ಆಮೇಲಿನದು ಯಾವುದೂ ಸಾಲಾಗಿ ನೆನಪಿಲ್ಲ, ಅಳಿಯನ ಕಾರು, ಟ್ರಾಫಿಕ್ಕು, ಆಸ್ಪತ್ರೆಯ ಉದ್ದದ ಕಾರಿಡಾರು, ಅನು ಉಳಿದಳು, ಉಳಿಸುವುದಕ್ಕೆ ಗರ್ಭಕೋಶ ತೆಗೆದರು, ಅದನ್ನು ಅವಳಿಗೆ ಹೇಳಿದ್ದಾರೆ, ಹೊಲಿಗೆ ಹಾಕಿದ ಹೊಟ್ಟೆಯಿಂದ ಮುಚ್ಚಿಡುವುದಕ್ಕೆ ಬರುತ್ತದೆಯೇ. ಹೆಣ್ಣು ಮಗು ಅನ್ನುವುದನ್ನೂ ಹೇಳಿದ್ದಾರೆ. ಹುಟ್ಟುವಾಗಲೇ ಜೀವ ಇರಲಿಲ್ಲ ಅಂತ ಹೇಳಿದ್ದಾರೆ, ಅದು ಸುಳ್ಳು. ಮಗು ಒಂದು ಸಂಜೆ ಬದುಕಿತ್ತು, ಅವಳಮ್ಮ ಇನ್ನೊಂದು ಕೋಣೆಯಲ್ಲಿ ಬಾಯಿಗೆ ಕೊಳವೆ ಹಾಕಿಸಿಕೊಂಡು ಎಚ್ಚರವಿಲ್ಲದೆ ಮಲಗಿದ್ದಾಗ ಗಿರಿಜಾಳ ತೊಡೆಯ ಮೇಲೆ ಬದುಕಿತ್ತು, ಕತ್ತಲಾಗುವಷ್ಟರಲ್ಲಿ ಹೋಯಿತು. ಅತ್ತೆ, ಅವಳಿಗೆ ಇದು ಹೇಳೋದು ಬೇಡ, ಅಂದ ಅಳಿಯ ಲಕ್ಷ್ಮೀಶ, ಗೋಡೆಗೆ ಹಣೆ ಒತ್ತಿಕೊಂಡು, ನೋಡದೇ ಹೋದೆ ಅಂತ ಅವಳು ಜನ್ಮಪೂರ್ತಿ ಸಾಯ್ತಾಳೆ, ಇರ್ಲೇ ಇಲ್ಲ ಅಂದ್ರೆ ಅಷ್ಟರಮಟ್ಟಿಗೆ ವಾಸಿ, ನೀವು ನಂಗೆ ಮಾತು ಕೊಡಿ. ಕೊಟ್ಟಳು. ಬರುವ ವಾರ ಗಿರಿಜಾಳ ವಿಮಾನ, ಅವಳು ಹೋದ ಮೇಲೆ ಆ ಸಂಜೆಯನ್ನು ಅನುಗೆ ಹೇಳುವವರು ಯಾರೂ ಇಲ್ಲ, ಅಳಿಯ ಹೇಳುವವನಲ್ಲ, ಅವನು ಮಗುವಿನ ಮುಖವನ್ನು ನೆಟ್ಟಗೆ ನೋಡಲೂ ಇಲ್ಲ, ಹೇಳಬೇಕಾದರೆ ಗಿರಿಜಾನೇ ಹೇಳಬೇಕು, ಹೋಗುವುದರೊಳಗೆ ಹೇಳಬೇಕು, ಹೇಳಲೋ ಬೇಡವೋ, ಹೇಳಿ ಕೊಲ್ಲಲೋ ಹೇಳದೆ ಕೊಲ್ಲಲೋ, ದಿನವಿಡೀ ಬಾಯಿ ಮಾತಾಡುತ್ತಿದ್ದರೆ ಒಳಗೆ ಇದೊಂದೇ.

ಬಾಗಿಲು ತಳ್ಳಿಕೊಂಡು ಹೆಲನ್ ಚಹಾ ತಂದಳು, ಮನೆಗೆಲಸಕ್ಕೆ ಬರುವ ಹೆಂಗಸು, ಮೊಮ್ಮಕ್ಕಳನ್ನು ಕಂಡವಳು, ಬಂದಾಗಲೂ ಪೋಲೆ ಮಾಮಾ ಅನ್ನುತ್ತಾಳೆ ಹೋಗುವಾಗಲೂ ಪೋಲೆ ಅನ್ನುತ್ತಾಳೆ, ಅಯ್ಯೋ ಪಾಪ ಅಮ್ಮಾ ಅಂದ ಹಾಗೆ ಅದು ಇಲ್ಲಿಯವರಿಗೆ, ಮೊದಮೊದಲು ಗಿರಿಜಾಗೆ ಕಿರಿಕಿರಿಯಾಗುತ್ತಿತ್ತು, ಈಗ ಆ ಮಾತು ಕೇಳದ ದಿನ ಏನೋ ಬಿಟ್ಟುಹೋದ ಹಾಗೆ ಆಗುತ್ತದೆ, ಥ್ಯಾಂಕ್ಸ್ ಅನ್ನುವುದಕ್ಕೆ ಅಸಾಂಟೆ ಹೆಲನ್, ಅಂದಳು, ಅವಳ ಸ್ವಾಹಿಲಿ ಅಲ್ಲಿಗೆ ಮುಗಿಯಿತು. ಹೆಲನ್ ಹೋದಳು, ಗಿರಿಜಾ ಹೂವಿನ ತೊಟ್ಟು ಮುರಿಯುತ್ತಾ, ಅಂದ ಹಾಗೆ ಹನುಮಂತನ ವಿಷ್ಯ ಗೊತ್ತಾ ನಿಂಗೆ, ಅಂದಳು, ಧ್ವನಿ ತಗ್ಗಿಸಿ, ಮೂರನೇ ಮಹಡಿಯಲ್ಲಿ ಕನ್ನಡ ಕೇಳಿಸಿಕೊಳ್ಳುವವರು ಇನ್ಯಾರೋ ಇದ್ದಾರೆ ಅನ್ನುವ ಹಾಗೆ. ಹನುಮಂತ ಲಕ್ಷ್ಮೀಶನ ಔಷಧಿ ಫ್ಯಾಕ್ಟರಿಯಲ್ಲೇ ಪ್ಯಾಕಿಂಗ್ ನೋಡಿಕೊಳ್ಳುವವನು, ದಾವಣಗೆರೆಯ ಕಡೆ, ನಲವತ್ತಾದರೂ ಮದುವೆ ಇಲ್ಲ, ಯುಗಾದಿ ಊಟಕ್ಕೆ ಬಂದು ಹೋಳಿಗೆ ಮೇಲೆ ಹೋಳಿಗೆ ಹಾಕಿಸಿಕೊಂಡು ಯಾರ ಜೊತೆಗೂ ಮಾತಿಲ್ಲದೆ ಹೋಗುವವನು. ಕಸರಾನಿಲಿ ಮನೆ ಮಾಡಿದಾನಂತೆ ಕಣೇ, ಅಷ್ಟು ದೂರ ಯಾಕಪ್ಪಾ ಅಂತ ಕೃಷ್ಣಪ್ರಸಾದ್ ಕೇಳಿದ್ರೆ ಬಾಡಿಗೆ ಕಡಿಮೆ ಅಂದ್ನಂತೆ, ಬಾಡಿಗೆಯೂ ಇಲ್ಲ ಮಣ್ಣೂ ಇಲ್ಲ, ಅಲ್ಲೊಬ್ಳು ಸ್ಕೂಲ್ ಟೀಚರ್ ಇದಾಳಂತೆ, ಇಲ್ಲಿಯವಳೇ, ಗ್ರೇಸ್‌ಫುಲ್ ಆಗಿದಾಳಂತೆ, ಕೋಕಿಲಾ ಮಾರ್ಕೆಟ್ಟಲ್ಲಿ ನೋಡಿದ್ಲಂತೆ, ಇವ್ನು ಬ್ಯಾಗ್ ಹಿಡ್ಕೊಂಡು ಹಿಂದೆ ಹಿಂದೆ, ಅವ್ಳು ಬದನೇಕಾಯಿ ಒತ್ತಿ ಒತ್ತಿ ನೋಡ್ತಾ ಮುಂದೆ, ಸಾರು ಮಾಡೋದು ಕಲ್ತಿದಾಳಂತೆ, ನೋಡು, ನಮ್ಮ ಹುಡುಗೀರಿಗೇ ಬರೋಲ್ಲ. ಅನುವಿನ ತುಟಿಯ ತುದಿ ಸ್ವಲ್ಪ ಸರಿಯಿತು, ನಗು ಅನ್ನಲಾಗದು, ಆದರೂ ಗಿರಿಜಾಗೆ ಅಷ್ಟಕ್ಕೇ ಕಣ್ಣು ಹನಿಗೂಡಿತು, ಉತ್ಸಾಹ ಬಂದು ಮುಂದುವರಿಸಿದಳು, ಅವ್ರಮ್ಮಂಗೆ ಊರಲ್ಲಿ ಇನ್ನೂ ಹೇಳಿಲ್ವಂತೆ, ಹೇಗೆ ಹೇಳ್ತಾನೆ, ಈಗ ಬೇರೆ ಅವ್ಳು — ಮತ್ತೆ ಹಲ್ಲಿನ ನಡುವೆ ನಾಲಿಗೆ. ಆ ಟೀಚರು ಬಸುರಿ, ಕೋಕಿಲಾ ಹೇಳಿದ್ದು ಅದನ್ನೇ, ಸುದ್ದಿಯ ರುಚಿಯೆಲ್ಲ ಇದ್ದದ್ದೂ ಅಲ್ಲೇ. ಈಗ ಬೇರೆ ಅವ್ಳು ಏನಮ್ಮ, ಅಂದಳು ಅನು. ಈಗ ಬೇರೆ ಅವ್ಳು ಕನ್ನಡ ಕಲೀತಿದಾಳಂತೆ, ಅಂದಳು ಗಿರಿಜಾ. ಏನು ಸುದ್ದಿಯಪ್ಪಾ ಇದು, ಲೋಕದಲ್ಲಿ ಯಾರ ಸುದ್ದಿ ಎತ್ತಿಕೊಂಡರೂ, ಮದುವೆಯದೋ ಓಡಿಹೋದದ್ದೋ ಜಗಳವಾಡಿದ್ದೋ, ಸ್ವಲ್ಪ ದೂರ ನಡೆದರೆ ಸಾಕು ಯಾವುದಾದರೊಂದು ತೊಟ್ಟಿಲ ಹತ್ತಿರ ಹೋಗಿ ನಿಲ್ಲುತ್ತದೆ, ಇದು ಇಷ್ಟು ವಯಸ್ಸಾದರೂ ಅವಳಿಗೆ ತಿಳಿದಿರಲಿಲ್ಲ.

ಬಾ, ಬದಲಾಯಿಸ್ತೀನಿ, ಅಂದಳು. ಅನು ಹೇಳಿಸಿಕೊಳ್ಳದೆ ಮುಂದೆ ಬಾಗಿ ನೈಟಿಯ ಗುಂಡಿ ಬಿಚ್ಚಿದಳು, ಮೂವತ್ತು ದಾಟಿದ ಮಗಳು, ಕಂಪನಿಯಲ್ಲಿ ಹತ್ತಾರು ಜನರನ್ನು ಮಾತಾಡಿಸಿ ಕೆಲಸ ತೆಗೆಯುತ್ತಿದ್ದವಳು, ಈಗ ಕೈ ಎತ್ತು ಅಂದರೆ ಎತ್ತುತ್ತಾಳೆ ಕೈ ಇಳಿಸು ಅಂದರೆ ಇಳಿಸುತ್ತಾಳೆ. ಎದೆಯ ಸುತ್ತ ಕಟ್ಟಿದ ಪಟ್ಟಿ ಬಿಚ್ಚಿದರೆ ನಿನ್ನೆಯ ಹೂವು ಕಂದಿ, ಮೆತ್ತಗೆ, ಹಾಲಲ್ಲಿ ನೆನೆದು ಅಂಟಿಕೊಂಡಿದೆ, ಒಂದೊಂದೇ ಬಿಡಿಸಬೇಕು, ಎದೆ ಇನ್ನೂ ಕಲ್ಲಿನ ಹಾಗೆ, ಮುಟ್ಟಿದರೆ ಸುಡುತ್ತದೆ, ಅನು ಹಲ್ಲು ಕಚ್ಚಿ ಉಸಿರೆಳೆದುಕೊಂಡಳು, ನೋವಾ, ಇಲ್ಲ ಕಣಮ್ಮ. ಮಲ್ಲಿಗೆಗೂ ಹಾಲಿಗೂ ಸೇರಿ ಒಂದು ವಾಸನೆ ಬರುತ್ತದೆ, ಸಿಹಿ, ಹಳಸಲು, ಅದು ಮೂಗಿಗೆ ಬಡಿದದ್ದೇ ಗಿರಿಜಾ ಮೂವತ್ತು ವರ್ಷ ಹಿಂದಕ್ಕೆ ಹೋಗಿ ಬಿದ್ದಳು, ಇದೇ ವಾಸನೆ, ಇದೇ ಅನು, ಎರಡೂವರೆ ವರ್ಷವಾದರೂ ಮೊಲೆ ಬಿಡಿಸಲಾಗದೆ ಅಮ್ಮ ದೇವರಾಜ ಮಾರ್ಕೆಟ್ಟಿನಿಂದ ಮಲ್ಲಿಗೆ ತರಿಸಿ ಕಟ್ಟಿದ್ದರು, ಬೇವಿನ ಸೊಪ್ಪು ಅರೆದು ಹಚ್ಚಿದ್ದರೂ ಈ ಹಟಮಾರಿ ಒರೆಸಿಕೊಂಡು ಕುಡಿದಿದ್ದಳು, ಹೂವು ಕಟ್ಟಿದ ಮೇಲೆ ಪಟ್ಟಿಯನ್ನು ಎಳೆದು ಎಳೆದು ಅತ್ತಳು, ಅಮ್ಮ ಬಿಚ್ಚು, ಅಮ್ಮ ಬಿಚ್ಚು, ಗಿರಿಜಾನೂ ಬಚ್ಚಲಿಗೆ ಹೋಗಿ ಅತ್ತು ಬಂದಿದ್ದಳು, ಎಂಥಾ ಅಳು ಅದು, ಈಗ ನೆನೆದರೆ ಅದೂ ಒಂದು ಸುಖದ ಅಳು, ಮಗು ಹೊಟ್ಟೆ ತುಂಬಾ ಕುಡಿದು ಬೆಳೆದು ಇನ್ನು ಸಾಕು ಅನ್ನುವ ಕಾಲಕ್ಕೆ ಕಟ್ಟಿದ ಹೂವು. ಇಲ್ಲಿ ಒಂದು ತೊಟ್ಟೂ ಮಗುವಿನ ಬಾಯಿಗೆ ಹೋಗದೆ ಕಟ್ಟಿದ್ದು. ಬಿಸಿನೀರಲ್ಲಿ ಬಟ್ಟೆ ಅದ್ದಿ ಒರೆಸುತ್ತಾಳೆ, ಒರೆಸಿದಷ್ಟೂ ಹನಿಯುತ್ತದೆ, ಇದಕ್ಕೆ ಯಾರೂ ಹೇಳಿಲ್ಲ, ಈ ಎದೆಗೆ ಮಾತ್ರ ಯಾರೂ ಸುದ್ದಿ ಮುಟ್ಟಿಸಿಲ್ಲ, ಅದು ಪಾಪ ತನ್ನ ಕೆಲಸ ತಾನು ಮಾಡುತ್ತಿದೆ.

ಆ ಸಂಜೆ ನರ್ಸು ಬಂದು ಕೇಳಿದ್ದಳು, ಅಜ್ಜಿ ನೀವೇನಾ, ಇಂಗ್ಲಿಷಿನಲ್ಲಿ, ಮೆಲ್ಲಗೆ, ಉಸಿರಿನ ಯಂತ್ರದಿಂದ ಇನ್ನು ಉಪಯೋಗವಿಲ್ಲ, ಡಾಕ್ಟರು ತೆಗೆಯಲು ಹೇಳಿದ್ದಾರೆ, ಮಗುವನ್ನು ಎತ್ತಿಕೊಳ್ಳುತ್ತೀರಾ. ಲಕ್ಷ್ಮೀಶ ಆಗ ರಕ್ತದ ಬಾಟಲಿಗೆ ಓಡಿದ್ದ, ಅವನಿಗೆ ಹೆಂಡತಿ ಉಳಿದರೆ ಸಾಕಿತ್ತು, ಗಿರಿಜಾ ಒಬ್ಬಳೇ, ಬ್ಯಾಗಿನಲ್ಲಿ ಏನೋ ಇರಲಿ ಅಂತ ತುರುಕಿದ್ದ ಹಸಿರು ಸೀರೆಯ ತುಂಡು ಇತ್ತು, ಮಡಿಚಿದ್ದು ಬಿಡಿಸಿ ಅದರಲ್ಲಿ ಈಸಿಕೊಂಡಳು, ತೂಕವೇ ಇಲ್ಲ, ಒಂದು ಕೈಗಾಗುವಷ್ಟು, ಮೈತುಂಬ ಎಳೆ ಕೂದಲು, ಮೂಗು ಅನುಗೆ ಹುಟ್ಟಿದಾಗ ಇದ್ದದ್ದೇ. ಬಾಯಿಗೆ ಏನಾದರೂ ಹಾಕಬೇಕಲ್ಲ, ಹುಟ್ಟಿದ ಮಗುವಿನ ನಾಲಿಗೆಗೆ ಒಂದಿಷ್ಟು ಜೇನು ಮುಟ್ಟಿಸಬೇಕು, ಹೋಗುವ ಜೀವದ ಬಾಯಿಗೆ ಗಂಗೆ ಬಿಡಬೇಕು, ಅವಳ ಹತ್ತಿರ ಜೇನೂ ಇಲ್ಲ ಗಂಗೆಯೂ ಇಲ್ಲ, ಎರಡೂ ಮೈಸೂರಿನಲ್ಲಿ ದೇವರ ಮನೆಯ ಗೂಡಿನಲ್ಲಿವೆ, ನರ್ಸು ಸಕ್ಕರೆ ನೀರಲ್ಲಿ ಅದ್ದಿದ ಹತ್ತಿ ಕೊಟ್ಟಳು, ಆ ಒಂದೇ ಹತ್ತಿಯಲ್ಲಿ ಎರಡನ್ನೂ ಮಾಡಿ ಮುಗಿಸಿದಳು. ತುಟಿಗೆ ತಾಕಿಸಿದ್ದೇ ಅದು ಚೀಪಿತು. ಚೀಪಿತು ಅಂದರೆ ಚೀಪಿತು, ಭ್ರಮೆಯಲ್ಲ, ಕಿರುಬೆರಳು ಕೊಟ್ಟಳು, ಬೆರಳನ್ನೂ, ಆಮೇಲೆ ಅದರಲ್ಲಿ ಏನೂ ಇಲ್ಲ ಅಂತ ತಿಳಿಯಿತೋ ಏನೋ ಕಣ್ಣು ಮುಚ್ಚಿಕೊಂಡೇ ಕೆನ್ನೆ ಹೊರಳಿಸಿ ಅವಳ ಸೆರಗಿನ ಕಡೆಗೆ ಬಾಯಿ ತೆರೆಯಿತು, ಮುಚ್ಚಿತು, ತೆರೆಯಿತು, ಅಲ್ಲಿಯೂ ಏನಿದೆ, ಐವತ್ತಾರು ವರ್ಷದ ಒಣಗಿದ ಎದೆ, ಇಲ್ಲ ಪುಟ್ಟಿ ಇಲ್ಲ, ಅಂದಳು, ಮಗಳನ್ನು ಕರೆಯುತ್ತಿದ್ದ ಹೆಸರೇ ಬಾಯಿಗೆ ಬಂತು, ಬೇರೆ ಹೆಸರು ಅದಕ್ಕೆ ಯಾರು ಇಟ್ಟಿದ್ದರು. ಆಮೇಲೆ ನಿಂತುಹೋಯಿತು. ಲಕ್ಷ್ಮೀಶನೂ ಕೃಷ್ಣಪ್ರಸಾದನೂ ಮರುದಿನ ತೆಗೆದುಕೊಂಡು ಹೋಗಿ ಮಣ್ಣು ಮಾಡಿ ಬಂದರು, ಹಸಿರು ಬಟ್ಟೆಯಲ್ಲೇ, ಅಳಿಯನ ಬೂಟಿಗೆ ಕೆಂಪು ಮಣ್ಣು ಹತ್ತಿತ್ತು, ಅನು ಆಸ್ಪತ್ರೆಯಿಂದ ಬರುವ ಮುಂಚೆ ಗಿರಿಜಾ ಅದನ್ನು ತಾನೇ ತೊಳೆದಳು, ಹೆಲನ್ ಕೈಗೆ ಕೊಡಲಿಲ್ಲ, ನಮ್ಮೂರಿನ ಮಣ್ಣಿನ ಹಾಗೇ ಇದೆ ಅನ್ನಿಸಿತು, ಬಚ್ಚಲಿನ ನೀರು ಕೆಂಪಗೆ ಹರಿದು ಹೋಯಿತು.

ಇಂದುಗೇನಾಯ್ತಮ್ಮ, ಅಂದಳು ಅನು. ಗಿರಿಜಾಳ ಕೈಯಲ್ಲಿದ್ದ ಹೂವು ಹಾಸಿಗೆಯ ಮೇಲೆ ಚೆಲ್ಲಿತು. ಇಂದು ಗಿರಿಜಾಳ ತಂಗಿಯ ಮಗಳು, ಅವಳಿಗೆ ದಿನ ಕೊಟ್ಟಿದ್ದು ಅನುಗಿಂತ ಒಂದು ತಿಂಗಳು ಮುಂಚೆ, ಇಬ್ಬರೂ ಫೋನಿನಲ್ಲಿ, ನಿನ್ನ ಹೊಟ್ಟೆ ಎಷ್ಟಾಯ್ತೇ, ನಂದು ಕಲ್ಲಂಗಡಿ ಕಣೇ, ಅಂತ ಗಂಟೆಗಟ್ಟಲೆ ನಕ್ಕವರು, ಬಂದಾಗಿನಿಂದ ಗಿರಿಜಾ ಊರಿನ ಎಲ್ಲರ ಸುದ್ದಿಯನ್ನೂ ಹೇಳಿದ್ದಾಳೆ, ಇಂದು ಅನ್ನುವ ಒಬ್ಬಳು ಭೂಮಿಯ ಮೇಲೆ ಇದ್ದಾಳೆ ಅನ್ನುವುದನ್ನು ಬಿಟ್ಟು, ಅಷ್ಟು ಸಾಕಲ್ಲ, ಮಗಳೇನು ದಡ್ಡಿಯೇ. ಗಂಡು, ಅಂದಳು ಗಿರಿಜಾ, ಹೂವು ಬಳಿಯುತ್ತಾ, ಹೋದ ವಾರ. ಚೆನ್ನಾಗಿದೆಯಾ. ಚೆನ್ನಾಗಿದೆ. ಹಾಲು ಕುಡಿಯುತ್ತಾ. ಗಿರಿಜಾ ತಲೆಯಾಡಿಸಿದಳು. ಅದಕ್ಯಾಕಮ್ಮ ಅಷ್ಟು ಒದ್ದಾಡ್ತೀಯ, ಅಂದಳು ಅನು, ಕೋಪವಿಲ್ಲದೆ, ಬಳಲಿ, ನೀನು ದಿನಾ ಕಷ್ಟಪಟ್ಟು ಸುದ್ದಿ ಹೇಳೋದು ನೋಡಿದ್ರೆ ನಂಗೇ ಅಯ್ಯೋ ಅನ್ಸತ್ತೆ, ಅರ್ಧ ಹೇಳಿ ಅರ್ಧ ನುಂಗ್ತೀಯ, ನನ್ನ ಪುಟ್ಟಿ ಅನ್ನೋದೂ ಬಿಟ್ಬಿಟ್ಟೆ, ಮದುವೆಯಾದ್ರೂ ಬಿಡದೇ ಇದ್ದೋಳು ಈಗ ಬಿಟ್ಟೆ, ಗಮನಿಸ್ಲಿಲ್ಲ ಅನ್ಕೊಂಡಿದೀಯ. ಹೇಳು, ಇದೇ ಸಮಯ, ಅಂತ ಗಿರಿಜಾಳ ಎದೆಯೊಳಗೆ ಯಾರೋ ಬಾಗಿಲು ತಟ್ಟಿದರು, ಪುಟ್ಟಿ ಅನ್ನೋ ಹೆಸರು ಇನ್ನೊಬ್ಬಳಿಗೆ ಕೊಟ್ಟುಬಿಟ್ಟೆ ಕಣೇ ಅಂತ ಹೇಳು, ನಿನ್ನದೇ ಮೂಗು ಅಂತ ಹೇಳು, ಮಾತು ಕೊಟ್ಟಿದ್ದೀಯ ಅಂದರೆ ಕೊಟ್ಟಿದ್ದು ಅಳಿಯನಿಗೆ, ಹೆತ್ತದ್ದು ಇವಳನ್ನು, ಬಾಯಿ ತೆರೆದಳು, ದೇವರಾಣೆಗೂ ತೆರೆದಳು, ಅಷ್ಟರಲ್ಲಿ ಅನು ಅವಳ ಕೈ ಹಿಡಿದಳು, ಹೂವಿನ ರಸ ಅಂಟಿದ ಕೈ, ಎಳೆದು ತನ್ನ ಮಡಿಲಲ್ಲಿ ಇಟ್ಟುಕೊಂಡು ಬೆರಳುಗಳನ್ನು ಒಂದೊಂದಾಗಿ ಒರೆಸುತ್ತಾ ಕಿರುಬೆರಳಿಗೆ ಬಂದು ನಿಂತು, ಅಮ್ಮ, ಒಂದೇ ಒಂದು ಕೇಳ್ತೀನಿ, ಅಂದಳು.

ಅದು ಅತ್ತಿತಾ. ಹೊರಗೆ ಮಟಾಟು ಹೊರಟಿತು, ಬಾಗಿಲಾಚೆ ಹೆಲನ್ ಇಸ್ತ್ರಿ ಪೆಟ್ಟಿಗೆ ಇಟ್ಟ ಸದ್ದು. ನಂಗೆ ಅಲ್ಲಿ ಮಲಗಿದ್ದಾಗ ಯಾವ್ದೋ ಮಗು ಅಳೋದು ಕೇಳ್ತಿತ್ತು, ಅನು ಹೇಳುತ್ತಿದ್ದಾಳೆ, ಬೇರೆ ಯಾರದ್ದೋ ಇರ್ಬೇಕು, ಆಸ್ಪತ್ರೆ ಅಲ್ವಾ, ಇವ್ರನ್ನ ಕೇಳಿದ್ರೆ ಇರ್ಲೇ ಇಲ್ಲ ಅಂತಾರೆ, ಎದ್ದು ಆಚೆ ಹೋಗ್ತಾರೆ, ನೀನು ಅಲ್ಲೇ ಇದ್ದೆಯಲ್ಲ, ನೀನು ಹೇಳು, ನೀನು ಹೇಳಿದ್ರೆ ನಂಬ್ತೀನಿ, ಅತ್ತಿತಾ. ಇಲ್ಲ, ಅಂದಳು ಗಿರಿಜಾ. ತಟ್ಟನೆ ಬಂತು, ಯೋಚಿಸದೆ ಬಂತು, ಯಾಕೆಂದರೆ ಅದು ನಿಜ, ಮಗು ಅಳಲಿಲ್ಲ, ಒಂದು ಸಲವೂ ಅಳಲಿಲ್ಲ, ಅಳುವುದಕ್ಕೆ ಅದರಲ್ಲಿ ಉಸಿರೆಲ್ಲಿತ್ತು, ಇಷ್ಟು ದಿನದಲ್ಲಿ ಆ ಸಂಜೆಯ ಬಗ್ಗೆ ಅವಳು ಆಡಿದ ಒಂದೇ ನಿಜ ಅದು, ಅದಕ್ಕಿಂತ ದೊಡ್ಡ ಸುಳ್ಳನ್ನು ಹುಟ್ಟಿದ ಮೇಲೆ ಆಡಿಲ್ಲ. ನನ್ನಾಣೆ, ಅಂದಳು ಅನು. ನಿನ್ನಾಣೆ ಕಣೇ, ಅಳ್ಲಿಲ್ಲ. ಅನು ದಿಂಬಿಗೆ ಒರಗಿ ಕಣ್ಣು ಮುಚ್ಚಿದಳು, ಕಣ್ಣಿನ ಬದಿಯಿಂದ ನೀರು ಕಿವಿಗೆ ಇಳಿಯಿತು, ಸದ್ಯ, ಅಂದಳು, ಹಸಿವು ಅಂದ್ರೇನು ಅಂತಾನೇ ಗೊತ್ತಾಗದೆ ಹೋಯ್ತಲ್ಲ, ಅಷ್ಟಾದ್ರೂ ಆಯ್ತು, ನಂಗೆ ಅದೊಂದೇ ಕೊರೀತಿತ್ತಮ್ಮ, ಇಷ್ಟು ಹಾಲು ಇಟ್ಕೊಂಡು ನಾನು ಮಲಗಿದ್ದೆ, ಅದು ಎ‍ಲ್ಲಾದ್ರೂ ಹುಡುಕಿಬಿಟ್ಟಿದ್ರೆ ಅಂತ. ಕಟ್ಟು, ಗಟ್ಟಿಯಾಗಿ ಕಟ್ಟು, ನೋವಾಗಲ್ಲ.

ಗಿರಿಜಾ ಹೂವು ಇಟ್ಟಳು. ಎಡಗಡೆ ಒಂದು ಹಿಡಿ, ಬಲಗಡೆ ಒಂದು ಹಿಡಿ, ಸಾಲದು, ಬಳ್ಳಿಯಲ್ಲಿ ನಾಳೆಗೆ ಇನ್ನೂ ಕಡಿಮೆ ಇರುತ್ತದೆ, ಪಟ್ಟಿಯನ್ನು ಬೆನ್ನಿನ ಹಿಂದಿನಿಂದ ತಂದು ಬಿಗಿದಳು, ಗಂಟು ಹಾಕಿದಳು, ಮಗಳ ಮೈ ಅವಳ ಮೈಗೆ ತಾಗಿ ಬಿಸಿ, ಇನ್ನು ಹೇಳುವ ಹಾಗಿಲ್ಲ, ಬರುವ ವಾರಕ್ಕೂ ಇಲ್ಲ, ಇನ್ನು ಹತ್ತು ವರ್ಷಕ್ಕೂ ಇಲ್ಲ, ಆ ಬಾಗಿಲನ್ನು ಈಗ ತಾನೇ ತನ್ನ ಕೈಯಾರೆ ಎಳೆದುಕೊಂಡಳು, ಸದ್ಯ ಅಂದಳಲ್ಲ, ಆ ಸದ್ಯದ ಮೇಲೆ ಇವಳು ಬದುಕಬೇಕು, ಬದುಕಲಿ. ಅನು ಕಣ್ಣು ಮುಚ್ಚಿಕೊಂಡೇ, ಮುಂದೆ ಹೇಳಮ್ಮ, ಅಂದಳು, ಹನುಮಂತಂದು ಹೇಳ್ತಿದ್ದೆಯಲ್ಲ, ಧ್ವನಿಯಲ್ಲಿ ನಿದ್ದೆ ಬರುತ್ತಿತ್ತು, ಎಷ್ಟೋ ದಿನಗಳ ನಿದ್ದೆ. ಹನುಮಂತ ಅಲ್ವಾ, ಅಂದಳು ಗಿರಿಜಾ, ಹನುಮಂತ ಏನ್ಮಾಡಿದ ಅಂದ್ರೆ, ಕಸರಾನಿಲಿ ಮನೆ ಮಾಡಿ, ಆ ಟೀಚರ್ ಏನಂದ್ಲು ಅಂದ್ರೆ — ಏನಂದಳು, ಕೋಕಿಲಾ ಏನು ಹೇಳಿದ್ದಳು, ಬದನೇಕಾಯಿ, ಮಾರ್ಕೆಟ್ಟು, ಬದನೇಕಾಯಿ ಹಿಡಿದುಕೊಂಡು, ಆಮೇಲೆ, ಆಮೇಲೇನಮ್ಮ, ಆಮೇಲೆ, ಸೆರಗು ಎಲ್ಲಿ ಹೋಯಿತು, ಸೆರಗನ್ನು ಎದೆಯ ಮೇಲಿನಿಂದ ಎಳೆದು ಸರಿ ಮಾಡಿಕೊಂಡಳು, ಯಾರೋ ಅಲ್ಲಿ ಕೆದಕಿದ ಹಾಗೆ, ಮತ್ತೆ ಸರಿ ಮಾಡಿಕೊಂಡಳು, ಹನುಮಂತ, ಅಂದಳು, ಮಾತು ಬರುತ್ತಿಲ್ಲ, ಬಾಯಿ, ಹಸಿರು ಬಟ್ಟೆಯೊಳಗಿನಿಂದ ಆ ಬಾಯಿ, ಕಣ್ಣು ಮುಚ್ಚಿಕೊಂಡೇ ಕೆನ್ನೆ ಹೊರಳಿಸಿ, ಸೆರಗಿನ ಕಡೆಗೆ ತೆರೆದು, ಏನೂ ಸಿಗದೆ, ಮುಚ್ಚಿ, ಮತ್ತೆ ತೆರೆದು.